ಬದುವಿನ ಮೇಲಿನ ವಿಷ

ವಿಷಸಸ್ಯಗಳ ಬಗ್ಗೆ ಬರೆಯುವವರು ಓದುಗರನ್ನು ಮೊದಲು ಕಾಡಿಗೆ ಕರೆದೊಯ್ಯುತ್ತಾರೆ. ಸವಣೂರಿನಲ್ಲಿ ಆ ಅನುಕೂಲವಿಲ್ಲ. ಹಾನಗಲ್ಲಿನ ಪಡುವಣ ಅಂಚಿಗೆ ಹೋದರೆ ತೇಗದ ನೆರಳಾದರೂ ಸಿಕ್ಕೀತು. ಸವಣೂರಿನ ಸುತ್ತ ಇರುವುದು ಬಯಲು: ಎರೆ ಹೊಲ, ಮಸಾರಿ ಹೊಲ, ನಡುನಡುವೆ ವೀಳ್ಯದೆಲೆ ತೋಟ, ಬೇಲಿಗೆ ಕಳ್ಳಿ, ಬದುವಿಗೆ ಔಡಲ. ಇಲ್ಲಿ ವಿಷ ಹುಡುಕಲು ಊರು ಬಿಡಬೇಕಿಲ್ಲ. ರೈತ ಬಿತ್ತಿದ್ದರಲ್ಲಿ, ಎಮ್ಮೆಗೆ ಇಟ್ಟದ್ದರಲ್ಲಿ, ಅಕ್ಕಸಾಲಿಗ ತಕ್ಕಡಿಗೆ ಹಾಕಿದ್ದರಲ್ಲಿ ಅದು ಇದೆ. ಇಷ್ಟು ವಿಷದ ನಡುವೆ ಜನ ಮತ್ತು ದನ ಆರೋಗ್ಯವಾಗಿ ಬದುಕಿರುವುದು ಹೇಗೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಮೊದಲ ಸ್ಥಾನ ಜೋಳಕ್ಕೆ. ರೊಟ್ಟಿ ತಿಂದು ಬೆಳೆದವರಿಗೆ ಈ ಮಾತು ಸಿಟ್ಟು ತರಿಸಬಹುದು, ಆದರೆ ಅವರ ಮನೆಯ ಹಿರಿಯರೇ ಇದಕ್ಕೆ ಸಾಕ್ಷಿ. ಕಾಳು ಕಟ್ಟುವ ಮೊದಲು ಜೋಳದ ಹೊಲಕ್ಕೆ ದನ ನುಗ್ಗಬಾರದು, ಕೊಯ್ದ ಹೊಲದಲ್ಲಿ ಮಳೆ ಬಿದ್ದು ಕುಳೆ ಚಿಗುರಿದಾಗ ಎತ್ತಿನ ಹಗ್ಗ ಬಿಡಬಾರದು, ಮಳೆ ಕೈಕೊಟ್ಟು ಬಾಡಿ ನಿಂತ ಎಳೆಯ ಪೈರನ್ನು ಕೊಯ್ದು ಹಾಕಬಾರದು. ಈ ಮೂರನ್ನೂ ಯಾವ ಇಲಾಖೆಯೂ ಹೇಳಿಕೊಡುವ ಮೊದಲೇ ರೈತರು ಕಲಿತಿದ್ದರು. ಕಲಿಸಿದ್ದು ಸತ್ತ ದನಗಳು. ಎಳೆ ಜೋಳ ಮೇದ ಹಸು ಹತ್ತು ಹದಿನೈದು ನಿಮಿಷದಲ್ಲಿ ತೇಕುತ್ತದೆ, ತೂರಾಡುತ್ತದೆ, ಬೀಳುತ್ತದೆ. ಬಿದ್ದ ಹಸುವಿನ ರಕ್ತ ನೋಡಿದರೆ ಕಡುಗೆಂಪಗೆ ಹೊಳೆಯುತ್ತಿರುತ್ತದೆ. ಉಸಿರು ಕಟ್ಟಿ ಸತ್ತ ಪ್ರಾಣಿಯ ರಕ್ತ ಕಪ್ಪಾಗಿರಬೇಕಲ್ಲವೇ? ಇಲ್ಲಿ ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದೆ, ಅದನ್ನು ಬಳಸಿಕೊಳ್ಳುವ ಶಕ್ತಿ ಜೀವಕೋಶಗಳಿಗೆ ಇಲ್ಲ. ಹಸು ಗಾಳಿಯ ನಡುವೆಯೇ ಉಸಿರಿಲ್ಲದೆ ಸತ್ತಿರುತ್ತದೆ. ಇದು ಸಯನೈಡಿನ ಕೆಲಸ.

ಜೋಳಕ್ಕೆ ಸಯನೈಡು ಎಲ್ಲಿಂದ ಬಂತು? 1902ರಲ್ಲಿ ವಿಂಡಮ್ ಡನ್‌ಸ್ಟನ್ ಮತ್ತು ಥಾಮಸ್ ಹೆನ್ರಿ ಎಂಬ ಇಬ್ಬರು ಬ್ರಿಟಿಷ್ ರಸಾಯನ ವಿಜ್ಞಾನಿಗಳು ಈಜಿಪ್ಟಿನ ಎಳೆ ಜೋಳವನ್ನು ಪರೀಕ್ಷಿಸಿ, ಅದರಲ್ಲಿ ಸಯನೈಡನ್ನು ಸಕ್ಕರೆಯೊಂದಿಗೆ ಕಟ್ಟಿಹಾಕಿದ ಒಂದು ರಾಸಾಯನಿಕವನ್ನು ಗುರುತಿಸಿದರು. ಜೋಳಕ್ಕೆ ಅರಬ್ಬಿಯಲ್ಲಿ ‘ಧುರ್ರಾ’ ಎನ್ನುತ್ತಾರೆ, ರಾಸಾಯನಿಕಕ್ಕೆ ಧುರ್ರಿನ್ ಎಂದು ಹೆಸರಾಯಿತು. ಧುರ್ರಿನ್ ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ. ಅದನ್ನು ಒಡೆದು ಸಯನೈಡು ಬಿಡಿಸಲು ಒಂದು ಕಿಣ್ವ ಬೇಕು. ಆ ಕಿಣ್ವವೂ ಅದೇ ಎಲೆಯಲ್ಲಿದೆ. ಹಾಗಿದ್ದರೆ ಜೋಳ ತನ್ನ ಸಯನೈಡಿಗೆ ತಾನೇ ಯಾಕೆ ಸಾಯುವುದಿಲ್ಲ? ಉತ್ತರ ಸಿಗಲು 1979ರವರೆಗೆ ಕಾಯಬೇಕಾಯಿತು. ಕ್ಯಾಲಿಫೋರ್ನಿಯಾದ ಎರಿಕ್ ಕಾನ್ ಅವರ ಪ್ರಯೋಗಾಲಯದಲ್ಲಿ ಜೋಳದ ಎಲೆಯನ್ನು ಪದರಪದರವಾಗಿ ಬಿಡಿಸಿ ನೋಡಿದರು. ಧುರ್ರಿನ್ ಇದ್ದದ್ದು ಎಲೆಯ ಹೊರಸಿಪ್ಪೆಯ ಕೋಶಗಳಲ್ಲಿ, ಕಿಣ್ವ ಇದ್ದದ್ದು ಒಳಗಿನ ಹಸಿರು ತಿರುಳಿನ ಕೋಶಗಳಲ್ಲಿ. ನಡುವೆ ಒಂದು ಕೋಶಭಿತ್ತಿ. ಬೆಂಕಿಕಡ್ಡಿಯ ಮದ್ದನ್ನು ಕಡ್ಡಿಗೂ ಪೊಟ್ಟಣದ ಪಕ್ಕಕ್ಕೂ ಹಂಚಿಟ್ಟಂತೆ ಜೋಳ ತನ್ನ ವಿಷವನ್ನು ಎರಡು ಮನೆಗಳಲ್ಲಿ ಇಟ್ಟಿದೆ. ಹುಳುವೋ ಹಸುವೋ ಎಲೆಯನ್ನು ಅಗಿದು ಗೋಡೆ ಒಡೆದಾಗ ಮಾತ್ರ ಎರಡೂ ಕೂಡುತ್ತವೆ. ಅಂದರೆ ನಿಂತ ಪೈರಿನಲ್ಲಿ ವಿಷವೇ ಇಲ್ಲ. ವಿಷ ತಯಾರಾಗುವುದು ತಿನ್ನುವವನ ಬಾಯಲ್ಲಿ.

ಈ ಏರ್ಪಾಡಿಗೆ ಅತಿ ಹೆಚ್ಚು ಬಲಿಯಾಗುವುದು ಮೆಲುಕು ಹಾಕುವ ಪ್ರಾಣಿಗಳೇ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೂ ಧುರ್ರಿನ್ ಒಡೆಯಬಲ್ಲವು. ಕುದುರೆಯ ಜಠರದ ಆಮ್ಲ ಆ ಕೆಲಸವನ್ನು ಬಹುಮಟ್ಟಿಗೆ ತಡೆಯುತ್ತದೆ. ಮೊಳಕೆಯೊಡೆದು ಮೂರ್ನಾಲ್ಕು ದಿನವಾದ ಸಸಿಯ ತುದಿಯಲ್ಲಿ ಒಣತೂಕದ ಶೇ 30ರವರೆಗೂ ಧುರ್ರಿನ್ ಇರಬಹುದು. ಗಿಡ ಬೆಳೆದಂತೆ ಅದು ಇಳಿಯುತ್ತದೆ, ಕಾಳಿಗೆ ಬರುವಷ್ಟರಲ್ಲಿ ಹೆಸರಿಗಷ್ಟೇ ಉಳಿಯುತ್ತದೆ. ಬರಗಾಲದಲ್ಲಿ, ಯೂರಿಯಾ ಹೆಚ್ಚು ಸುರಿದಾಗ ಮತ್ತೆ ಏರುತ್ತದೆ. ಹಿರಿಯರು ಹೇಳಿದ ಮೂರು ಬಾರದುಗಳನ್ನು ಈಗ ಇನ್ನೊಮ್ಮೆ ಓದಿ: ಎಳೆಯದು, ಕುಳೆ ಚಿಗುರು, ಬಾಡಿದ್ದು. ಮೂರೂ ಧುರ್ರಿನ್ ಹೆಚ್ಚಿರುವ ಸಂದರ್ಭಗಳೇ. ಕೊಯ್ದು ಒಣಗಿಸಿ ಬಣವೆ ಒಟ್ಟಿದ ಕಣಿಕೆಯನ್ನು ಎತ್ತು ಧೈರ್ಯವಾಗಿ ತಿನ್ನುತ್ತದೆ. ಹೈಡ್ರೋಜನ್ ಸಯನೈಡ್ 26 ಡಿಗ್ರಿಗೇ ಕುದಿಯುವ ವಸ್ತು, ಬಿಸಿಲಿಗೆ ಒಣಗುವ ಮೇವಿನಿಂದ ಅದರ ಬಹುಪಾಲು ಹಾರಿಹೋಗಿರುತ್ತದೆ. ಖಿಲಾರಿ ಎತ್ತುಗಳ ಈ ಸೀಮೆಯಲ್ಲಿ, ಬಂಕಾಪುರದ ಕೋಟೆಯೊಳಗೆ ಆ ತಳಿಯ ಸಂವರ್ಧನಾ ಕೇಂದ್ರವೇ ಇರುವ ಕಡೆ, ಇದು ಸಣ್ಣ ವಿಷಯವಲ್ಲ. ಈಗ ಹಾವೇರಿ ಜಿಲ್ಲೆಯ ಮುಂಗಾರು ಹೊಲಗಳನ್ನು ಗೋವಿನಜೋಳ ಆವರಿಸಿಕೊಂಡಿದೆ. ಜೋಳದ ಜೊತೆಗೆ ಜೋಳದ ಎಚ್ಚರಿಕೆಯೂ ಮರೆಯಾಗುತ್ತಿದೆ ಎಂಬುದು ನನ್ನ ಅನುಮಾನ. ಅಪರೂಪಕ್ಕೆ ಮೇವಿನ ಜೋಳ ಬಿತ್ತುವ ಹೊಸ ಹೈನುಗಾರನಿಗೆ ಹೂ ಬರುವವರೆಗೆ ಕಾಯಿರಿ ಎಂದು ಹೇಳಲು ಮನೆಯಲ್ಲಿ ಅಜ್ಜ ಇರುವುದಿಲ್ಲ. ಹಾಗೊಮ್ಮೆ ಹಸು ತಿಂದೇಬಿಟ್ಟರೆ ಕಾಯುವ ಹೊತ್ತಲ್ಲ. ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಚುಚ್ಚುಮದ್ದು ಕೊಡಬಲ್ಲ ಪಶುವೈದ್ಯರನ್ನು ಕೂಡಲೇ ಕರೆಸಬೇಕು.

ಜೋಳ ನಮ್ಮದೇ ಎಂದು ನಾವು ಎಷ್ಟು ಹೇಳಿಕೊಂಡರೂ ಅದು ಆಫ್ರಿಕದ ಮಗಳು. ಪೂರ್ವ ಸುಡಾನಿನಲ್ಲಿ ಸುಮಾರು 5,000 ವರ್ಷಗಳ ಹಿಂದೆ ಅದನ್ನು ಬೇಸಾಯಕ್ಕೆ ಒಗ್ಗಿಸಿದ ಕುರುಹುಗಳು ಸಿಕ್ಕಿವೆ. ಔಡಲದ ತವರು ಕೂಡ ಈಶಾನ್ಯ ಆಫ್ರಿಕ. ಸವಣೂರಿಗೆ ಹೋದವರೆಲ್ಲ ನೋಡಿಬರುವ ದೊಡ್ಡಹುಣಸೆ ಕಲ್ಮಠದ ಭಾರೀ ಮರಗಳೂ ಆಫ್ರಿಕದ ಬಾವೋಬಾಬ್‌ಗಳೇ. ಭಾರತದ ಬಾವೋಬಾಬ್‌ಗಳ ವಂಶವಾಹಿಗಳನ್ನು ಪರೀಕ್ಷಿಸಿದ 2015ರ ಒಂದು ಅಧ್ಯಯನ, ಅವು ಒಂದೇ ಸಲವಲ್ಲ, ಬೇರೆ ಬೇರೆ ಕಾಲದಲ್ಲಿ ಆಫ್ರಿಕದ ಬೇರೆ ಬೇರೆ ಕಡೆಗಳಿಂದ ಬಂದವು ಎಂದು ತೋರಿಸಿತು. ಮಠದ ಮರವನ್ನು ಬೆರಗಿನಿಂದ ನೋಡುವವರು ಪಕ್ಕದ ಹೊಲದ ಜೋಳವನ್ನೂ ಬದುವಿನ ಔಡಲವನ್ನೂ ಹಾಗೆ ನೋಡುವುದಿಲ್ಲ. ಮೂರೂ ಕಡಲು ದಾಟಿಬಂದವು. ಮೂರರಲ್ಲಿ ನಿರುಪದ್ರವಿ ದೊಡ್ಡಹುಣಸೆ ಒಂದೇ, ಅದರ ಹುಳಿ ತಿರುಳನ್ನು ತಿನ್ನಬಹುದು.

ಹತ್ತಿಯ ಕತೆ ಬೇರೆ. ತುಂಗಭದ್ರೆಯ ದಡದಲ್ಲಿ, ಹಳೆಯ ಹಿರೇಕೆರೂರು ತಾಲ್ಲೂಕಿನ ಹಳ್ಳೂರು ಇದೆ. ಅಲ್ಲಿನ ದಿಬ್ಬವನ್ನು 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಸಿಕ್ಕ ಮೂಳೆಗಳಲ್ಲಿ ಕುದುರೆಯದ್ದನ್ನು ಗುರುತಿಸಿದವರು ಪಶುವೈದ್ಯ ಕೆ.ಆರ್. ಆಲೂರ, ಅದರಿಂದ ಹಳ್ಳೂರು ಇತಿಹಾಸಕಾರರ ಜಗಳಕ್ಕೆ ಸಿಕ್ಕಿಬಿದ್ದಿತು. ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹೋದದ್ದು, ಅದೇ ದಿಬ್ಬದ ಸುಟ್ಟ ಬೀಜಗಳಲ್ಲಿ ಹತ್ತಿಯದ್ದೂ ಇತ್ತು ಎಂಬುದು. ವಯಸ್ಸು ಸುಮಾರು 3,000 ವರ್ಷ. ಈ ನೆಲಕ್ಕೆ ಹತ್ತಿಯ ಪರಿಚಯ ಅಷ್ಟು ಹಳೆಯದು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಾತರಕಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಸಂಕರಣ ತಳಿ ತಂದರು. ಒಂದು ದಶಕದೊಳಗೆ ಜಯಲಕ್ಷ್ಮಿ ಬಂತು, ಹಾವೇರಿ ಸೀಮೆಯ ಎಷ್ಟೋ ಮನೆಗಳಿಗೆ ಹೆಂಚು ಬಂತು.

ಹತ್ತಿಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ಬೀಜ ಸೀಳಿದರೂ ಅದೇ ಚುಕ್ಕೆಗಳು. ಅವು ಗ್ರಂಥಿಗಳು, ಒಳಗೆ ಗಾಸಿಪಾಲ್ ಎಂಬ ಹಳದಿ ವಿಷ ತುಂಬಿದೆ. ಇಲ್ಲೂ ಅದೇ ತಂತ್ರ: ವಿಷವನ್ನು ಮೈಯೆಲ್ಲ ಹರಡದೆ ಪುಟ್ಟ ಕೋಣೆಗಳಲ್ಲಿ ಕೂಡಿಡುವುದು. ಹೀಗಿದ್ದೂ ನಮ್ಮ ಎಮ್ಮೆಗಳು ಹತ್ತಿಕಾಳು ತಿಂದು ಗಟ್ಟಿ ಹಾಲು ಕೊಡುತ್ತವೆ. ಜೋಳದ ವಿಷಯದಲ್ಲಿ ಹಸುವಿಗೆ ಶತ್ರುವಾದ ಅದೇ ಮೊದಲ ಹೊಟ್ಟೆ ಇಲ್ಲಿ ರಕ್ಷಕ. ಗಾಸಿಪಾಲ್ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಹುಪಾಲು ನಿಷ್ಕ್ರಿಯವಾಗುತ್ತದೆ. ಎಳೆಗರುವಿಗೆ, ಹಂದಿಗೆ, ಕೋಳಿಗೆ, ಮನುಷ್ಯನಿಗೆ ಆ ಹೊಟ್ಟೆ ಇಲ್ಲ. ಚೀನದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆಯನ್ನು ಅಡುಗೆಗೆ ಬಳಸತೊಡಗಿದ ಮೇಲೆ ಮಕ್ಕಳಾಗುವುದು ನಿಂತಿತು. ಅದರ ಜಾಡು ಹಿಡಿದ ಅಲ್ಲಿನ ವೈದ್ಯರು 1970ರ ದಶಕದಲ್ಲಿ ಗಾಸಿಪಾಲನ್ನು ಪುರುಷರ ಗರ್ಭನಿರೋಧಕ ಮಾತ್ರೆಯಾಗಿ 8,000ಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷಿಸಿದರು. ಮಾತ್ರೆ ಕೆಲಸವನ್ನೇನೋ ಮಾಡಿತು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಸ್ನಾಯುಗಳು ಸೋತವು, ಇನ್ನು ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಸಂತಾನಶಕ್ತಿ ಮರಳಲಿಲ್ಲ. ಯೋಜನೆ ನಿಂತುಹೋಯಿತು.

ಹಾಗಾದರೆ ಗ್ರಂಥಿಯೇ ಇಲ್ಲದ ಹತ್ತಿ ಬೆಳೆದರೆ? ಒಂದು ಕಿಲೋ ಅರಳೆಗೆ ಸುಮಾರು 1.6 ಕಿಲೋ ಬೀಜ ಬರುತ್ತದೆ, ಅದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನು. ಅಮೆರಿಕದಲ್ಲಿ 1950ರ ದಶಕದಲ್ಲೇ ಅಂಥ ತಳಿ ಸಿದ್ಧವಾಯಿತು. ಹೊಲದಲ್ಲಿ ಹಾಕಿದರೆ, ಎಂದೂ ಹತ್ತಿಯತ್ತ ಮೂಸದ ಕೀಟಗಳೂ ಬಂದು ಮೇದವು. ಗೋಡೆ ಕಟ್ಟಿಕೊಂಡ ಗಿಡದಿಂದ ಗೋಡೆ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪ್ರಯೋಗ ಬೇಕಿಲ್ಲ. ಟೆಕ್ಸಾಸಿನ ವಿಶ್ವವಿದ್ಯಾಲಯದಲ್ಲಿರುವ ಕೀರ್ತಿ ರಾಥೋರ್ ಜಾಣ ದಾರಿ ಹಿಡಿದರು. ಎಲೆ ಕಾಂಡಗಳ ಗಾಸಿಪಾಲನ್ನು ಹಾಗೇ ಬಿಟ್ಟು, ಬೀಜದಲ್ಲಿ ಮಾತ್ರ ಅದು ತಯಾರಾಗದಂತೆ ಒಂದು ವಂಶವಾಹಿಯ ಬಾಯಿ ಮುಚ್ಚಿಸಿದರು. ಆ ಹತ್ತಿಗೆ ಅಮೆರಿಕದ ಕೃಷಿ ಇಲಾಖೆ 2018ರಲ್ಲಿ, ಅಲ್ಲಿನ ಆಹಾರ ಇಲಾಖೆ ಮರುವರ್ಷ ಒಪ್ಪಿಗೆ ಕೊಟ್ಟವು.

ಮದಗುಣಕಿಯನ್ನು ಬಿಟ್ಟು ಮುಂದೆ ಹೋದರೆ ಶಿವಭಕ್ತರು ಬೇಸರಿಸಿಯಾರು. ತಿಪ್ಪೆಯ ಪಕ್ಕದ ಆ ಮುಳ್ಳುಕಾಯಿ ದಾರಿಹೋಕರ ಮತಿ ಕೆಡಿಸಿ ದೋಚುತ್ತಿದ್ದ ಕಳ್ಳರ ಸಾಧನವಾಗಿ ಬ್ರಿಟಿಷರ ದಾಖಲೆಗಳಲ್ಲಿ ಹೇರಳವಾಗಿ ಬರುತ್ತದೆ. ಅದರಲ್ಲಿರುವ ಅಟ್ರೋಪಿನ್ ಗುಂಪಿನ ರಾಸಾಯನಿಕವೇ, ಹತ್ತಿಗೋ ಮೆಣಸಿನಗಿಡಕ್ಕೋ ಔಷಧ ಹೊಡೆಯುತ್ತ ಕೀಟನಾಶಕ ಮೈಗೇರಿಸಿಕೊಂಡು ಬಿದ್ದವನಿಗೆ ಆಸ್ಪತ್ರೆಯಲ್ಲಿ ಕೊಡುವ ಮೊದಲ ಚುಚ್ಚುಮದ್ದು. ಅಷ್ಟು ಸಾಕು, ಅದರ ಪುರಾಣ ಎಲ್ಲರಿಗೂ ಗೊತ್ತು.

ಔಡಲ ಮತ್ತು ಗುಲಗಂಜಿಯನ್ನು ಒಟ್ಟಿಗೆ ಹೇಳಬೇಕು. ಒಂದು ಬದುವಿನ ಗಿಡ, ಇನ್ನೊಂದು ಅವರೆಯ ಕುಲದ ಬಳ್ಳಿ. ಸಂಬಂಧವೇ ಇಲ್ಲದ ಈ ಎರಡು ಗಿಡಗಳು ಒಂದೇ ಬಗೆಯ ಆಯುಧ ಮಾಡಿಕೊಂಡಿವೆ: ಔಡಲದ್ದು ರಿಸಿನ್, ಗುಲಗಂಜಿಯದ್ದು ಅಬ್ರಿನ್. ಎರಡೂ ಪ್ರೋಟೀನುಗಳು, ಎರಡರಲ್ಲೂ ಎರಡೆರಡು ಎಳೆಗಳು. ಒಂದು ಎಳೆ ಜೀವಕೋಶದ ಮೈಮೇಲಿನ ಸಕ್ಕರೆಗೆ ಕಚ್ಚಿಕೊಂಡು ಬಾಗಿಲು ತೆರೆಸುತ್ತದೆ. ಇನ್ನೊಂದು ಒಳಗೆ ನುಗ್ಗಿ, ಪ್ರೋಟೀನು ಕಟ್ಟುವ ರೈಬೋಸೋಮುಗಳನ್ನು ಕೆಡಿಸುತ್ತದೆ. ಹೇಗೆ ಕೆಡಿಸುತ್ತದೆ ಎಂಬುದನ್ನು 1987ರಲ್ಲಿ ಜಪಾನಿನ ಯಾಯೆತ ಎಂಡೊ ಮತ್ತು ಸಂಗಡಿಗರು ಕಂಡುಹಿಡಿದರು. ರೈಬೋಸೋಮಿನ ದೊಡ್ಡ ಆರ್‌ಎನ್‌ಎ ಎಳೆಯಲ್ಲಿ ಐದು ಸಾವಿರದ ಆಸುಪಾಸು ಅಕ್ಷರಗಳಿವೆ. ರಿಸಿನ್ ಅವುಗಳಲ್ಲಿ ನಿರ್ದಿಷ್ಟವಾದ ಒಂದೇ ಒಂದು ಅಡೆನಿನ್ ಅನ್ನು ಕಿತ್ತೆಸೆಯುತ್ತದೆ. ಅಷ್ಟಕ್ಕೇ ರೈಬೋಸೋಮು ಕೆಲಸ ನಿಲ್ಲಿಸುತ್ತದೆ. ಒಳಹೊಕ್ಕ ಒಂದು ಅಣು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ರೈಬೋಸೋಮುಗಳನ್ನು ಹೀಗೆ ಮುಗಿಸಬಲ್ಲದು. ಮೊದಲ ಎಳೆ ಇಲ್ಲದ ಎರಡನೆಯದಕ್ಕೆ ಒಳಗೆ ಹೋಗಲು ದಾರಿ ಇಲ್ಲ, ಎರಡನೆಯದಿಲ್ಲದ ಮೊದಲನೆಯದಕ್ಕೆ ಕೊಲ್ಲುವ ಶಕ್ತಿ ಇಲ್ಲ. ಬಾರ್ಲಿಯಂಥ ಕಾಳುಗಳಲ್ಲಿ ಎರಡನೆಯ ಎಳೆಯಂಥದ್ದು ಮಾತ್ರ ಇದೆ, ಜಗತ್ತು ಅದನ್ನು ನಿಶ್ಚಿಂತೆಯಿಂದ ತಿನ್ನುತ್ತದೆ.

ಇಷ್ಟು ಭಯಂಕರ ಬೀಜದಿಂದ ತೆಗೆದ ಎಣ್ಣೆಯನ್ನು ನಾವು ಕೂಸಿನ ನೆತ್ತಿಗೆ ತಟ್ಟುತ್ತೇವೆ. ರಿಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಬೀಜ ಹುರಿದು ಕುದಿಸಿ ಎಣ್ಣೆ ತೆಗೆಯುವ ಹಳೆಯ ಪದ್ಧತಿಯಲ್ಲಿ ಬಿಸಿಗೆ ಆ ಪ್ರೋಟೀನು ಕೆಡುತ್ತಲೂ ಇತ್ತು. ಅಪಾಯ ಇರುವುದು ಬಿಸಿ ಕಾಣದ ಹಿಂಡಿಯಲ್ಲಿ. ಹೂಕುಂಡಕ್ಕೆ ಗೊಬ್ಬರವೆಂದು ಹಾಕಿದ ಔಡಲದ ಹಿಂಡಿಯನ್ನು ಪೇಟೆಯ ಸಾಕುನಾಯಿಗಳು ರುಚಿಯೆಂದು ತಿಂದು ಸಾಯುತ್ತವೆ. ರೈತರಿಗೆ ಔಡಲದಿಂದ ಇನ್ನೊಂದು ಉಪಕಾರವಿದೆ. ಹತ್ತಿ, ಮೆಣಸಿನ ಹೊಲದ ಅಂಚಿಗೆ ಔಡಲ ಹಾಕಿದರೆ ಎಲೆ ತಿನ್ನುವ ಸ್ಪೊಡಾಪ್ಟೆರ ಪತಂಗ ಮೊಟ್ಟೆ ಇಡಲು ಅದನ್ನೇ ಆರಿಸಿಕೊಳ್ಳುತ್ತದೆ. ಆ ಎಲೆಗಳನ್ನು ಮೊಟ್ಟೆಯ ಸಮೇತ ಕಿತ್ತರೆ ಅರ್ಧ ಕೆಲಸ ಮುಗಿಯಿತು. ಎಷ್ಟು ವಿಷವಿದ್ದರೂ ಅದನ್ನೇ ಊಟ ಮಾಡುವ ಹುಳು ಒಂದಿರುತ್ತದೆ. 1978ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಬಳಿ ಬಲ್ಗೇರಿಯದ ಲೇಖಕ ಗಿಯೋರ್ಗಿ ಮಾರ್ಕೋವ್‌ನ ತೊಡೆಗೆ ಛತ್ರಿಯ ತುದಿಯಿಂದ ರಿಸಿನ್ ಗುಂಡು ಹೊಕ್ಕ ಕತೆ ಎಷ್ಟು ಪ್ರಸಿದ್ಧವೆಂದರೆ ಔಡಲವೆಂದರೆ ಜನರಿಗೆ ಛತ್ರಿಯೇ ನೆನಪಾಗುತ್ತದೆ. ನನಗೆ ಅದಕ್ಕಿಂತ ಗುಲಗಂಜಿಯ ಇತಿಹಾಸ ಹೆಚ್ಚು ಕುತೂಹಲಕರ.

ಗುಲಗಂಜಿ ಬೇಲಿಯ ಬಳ್ಳಿ. ಕಾಯಿ ಒಣಗಿ ಬಿರಿದಾಗ ಕೆಂಪು ಬೀಜಗಳು, ಪ್ರತಿ ಬೀಜದ ತುದಿಯಲ್ಲಿ ಕಪ್ಪು ಬೊಟ್ಟು. ತೂಕ ಒಂದು ಗ್ರಾಂನ ಎಂಟನೇ ಒಂದು ಭಾಗದ ಆಸುಪಾಸು. ಒಂದು ತೊಲಕ್ಕೆ 96 ಗುಲಗಂಜಿ ಎಂಬ ಲೆಕ್ಕ ದೇಶದ ಬಹುಭಾಗದಲ್ಲಿ ನಡೆಯುತ್ತಿತ್ತು. ನವಾಬರ ಸವಣೂರಿನಲ್ಲಿ ಚಿನ್ನ ತೂಗಿದ ಅಕ್ಕಸಾಲಿಗನಿಗೂ ಅದೇ ಬಟ್ಟು. ಹುಡುಗಿಯರಿಗೆ ಅಳಗುಳಿಮನೆಯ ಕಾಯಿ. ಬರಿಗೈಯಲ್ಲಿ ಮುಟ್ಟಿದರೆ, ಎಣಿಸಿದರೆ, ಆಡಿದರೆ ಏನೂ ಆಗದು, ಯಾಕೆಂದರೆ ಸಿಪ್ಪೆ ಕಲ್ಲಿನಂತೆ ಗಟ್ಟಿ. ನೀರು ಕೂಡ ಸುಲಭಕ್ಕೆ ಒಳಗಿಳಿಯುವುದಿಲ್ಲ.

ಬ್ರಿಟಿಷ್ ಕಾಲದ ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕಗಳಲ್ಲಿ ಇದರ ಇನ್ನೊಂದು ಮುಖವಿದೆ. ಗುಲಗಂಜಿಯಿಂದ ಮಾಡಿದ ‘ಸೂಯಿ’ಯನ್ನು ದನದ ಚರ್ಮಕ್ಕೆ ಚುಚ್ಚಿ, ಹಾವು ಕಚ್ಚಿತೆಂದು ನಂಬಿಸಿ, ಚರ್ಮಕ್ಕಾಗಿ ಕೊಲ್ಲುತ್ತಾರೆ ಎಂದು ಅಧಿಕಾರಿಗಳು ಬರೆದರು. ಅಂಥ ಪ್ರಕರಣಗಳು ನಡೆದದ್ದು ನಿಜ. ಆದರೆ ಕೆಲವರ ಅಪರಾಧವನ್ನು ಚರ್ಮದ ಕೆಲಸ ಮಾಡುವ ಇಡೀ ಸಮುದಾಯಗಳ ಸ್ವಭಾವವೆಂದು ಬರೆದದ್ದು ಆ ದಾಖಲೆಗಳ ದೊಡ್ಡ ದೋಷ. ರಾಮನಾರಾಯಣ ರಾವತ್, ಸೌರಭ್ ಮಿಶ್ರ ಮೊದಲಾದ ಇತಿಹಾಸಕಾರರು ಈ ಆರೋಪವನ್ನು ಕೂಲಂಕಷವಾಗಿ ಪ್ರಶ್ನಿಸಿದ್ದಾರೆ. ದನ ಹಠಾತ್ತನೆ ಸಾಯಲು ಆ ಕಾಲದಲ್ಲಿ ದೊಡ್ಡರೋಗವೇ ಸಾಕಿತ್ತು, ಎಳೆ ಜೋಳವೂ ಸಾಕಿತ್ತು. ಕಾರಣ ಹುಡುಕುವುದಕ್ಕಿಂತ ಅಪರಾಧಿಯನ್ನು ಹುಡುಕುವುದು ಪೊಲೀಸರಿಗೆ ಸುಲಭ.

ಅದೇ ಹೊತ್ತಿಗೆ ಯುರೋಪಿನಲ್ಲಿ ಬೇರೊಂದು ಗೊಂದಲ. ಪ್ಯಾರಿಸಿನ ಕಣ್ಣಿನ ವೈದ್ಯ ಲೂಯಿ ಡಿ ವೆಕರ್ 1882ರಲ್ಲಿ ಗುಲಗಂಜಿಯ ಕಷಾಯವನ್ನು ಟ್ರಕೋಮ ರೋಗಕ್ಕೆ ಬಳಸಿ ಸುದ್ದಿ ಮಾಡಿದ್ದ. ಕಷಾಯ ಬಿದ್ದ ಕಣ್ಣು ಭಯಂಕರವಾಗಿ ಊದುತ್ತಿತ್ತು. ಎಲ್ಲದಕ್ಕೂ ಬ್ಯಾಕ್ಟೀರಿಯವೇ ಕಾರಣವೆನ್ನುವ ಉತ್ಸಾಹದ ಕಾಲ ಅದು, ಗುಲಗಂಜಿಯಲ್ಲೂ ಒಂದು ಬ್ಯಾಸಿಲಸ್ ಇದೆ ಎಂದು ಒಬ್ಬ ವಿಜ್ಞಾನಿ ಘೋಷಿಸಿದ. ಇದನ್ನು ಸುಳ್ಳೆಂದು ತೋರಿಸಿದ ಕೆಲಸ 1884ರಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ವಾರ್ಡನ್ ಮತ್ತು ವ್ಯಾಡೆಲ್ ಎಂಬ ಇಬ್ಬರು ಜೀವಿಯಿಲ್ಲದ ಪ್ರೋಟೀನಿನಂಥ ವಸ್ತುವೇ ಈ ವಿಷ ಎಂದು ತೋರಿಸಿ ಅಬ್ರಿನ್ ಎಂದು ಕರೆದರು. ದನಗಳ ವಿಷಪ್ರಕರಣಗಳು ಈ ಬೀಜವನ್ನು ಭಾರತದ ಪ್ರಯೋಗಾಲಯಗಳಿಗೆ ಆಗಲೇ ಪರಿಚಯಿಸಿದ್ದವು. ನಾಲ್ಕು ವರ್ಷದ ನಂತರ, ಇಂದಿನ ಎಸ್ಟೋನಿಯಾದ ಟಾರ್ಟುವಿನಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಔಡಲದಿಂದ ರಿಸಿನ್ ಬೇರ್ಪಡಿಸಿದ.

ಈ ಎರಡು ವಿಷಗಳನ್ನು ಕೈಗೆತ್ತಿಕೊಂಡವನು ಬರ್ಲಿನ್ನಿನ ಪೌಲ್ ಎರ್ಲಿಕ್. 1891ರಲ್ಲಿ ಅವನು ಇಲಿಗಳಿಗೆ ರಿಸಿನ್ನನ್ನು ಅತ್ಯಲ್ಪ ಪ್ರಮಾಣದಿಂದ ಶುರುಮಾಡಿ ಏರಿಸುತ್ತ ತಿನ್ನಿಸಿದ. ಕೆಲವು ವಾರಗಳಲ್ಲಿ ಆ ಇಲಿಗಳು ಬೇರೆ ಇಲಿಗಳನ್ನು ಕೊಲ್ಲುವಷ್ಟು ವಿಷವನ್ನು ಸಲೀಸಾಗಿ ತಾಳಿಕೊಂಡವು. ರಿಸಿನ್ ತಾಳಿಕೊಂಡ ಇಲಿ ಅಬ್ರಿನ್ ಕೊಟ್ಟರೆ ಸತ್ತಿತು, ಅಬ್ರಿನ್‌ಗೆ ಒಗ್ಗಿದ ಇಲಿಗೆ ರಿಸಿನ್ ತಡೆಯಲಾಗಲಿಲ್ಲ. ರಕ್ಷಣೆ ಆಯಾ ವಿಷಕ್ಕಷ್ಟೇ ಮೀಸಲು ಎಂದಾಯಿತು. ಆಮೇಲೆ ಎರ್ಲಿಕ್ ಮರಿಗಳನ್ನು ಅದಲುಬದಲು ಮಾಡಿದ: ಸಾಮಾನ್ಯ ತಾಯಿಗೆ ಹುಟ್ಟಿದ ಮರಿಗಳಿಗೆ ವಿಷ ತಾಳಿಕೊಂಡ ಇಲಿಯ ಹಾಲು ಕುಡಿಸಿದ. ಮರಿಗಳಿಗೂ ರಕ್ಷಣೆ ಬಂತು. ತಾಯಿಹಾಲು ಮಗುವಿಗೆ ರೋಗನಿರೋಧಕ ಶಕ್ತಿ ಕೊಡುತ್ತದೆ ಎಂದು ಇಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುವ ಮಾತಿಗೆ ಮೊದಲ ಪುರಾವೆಗಳಲ್ಲಿ ಒಂದು ಸಿಕ್ಕಿದ್ದು ಈ ಬೇಲಿಸಾಲಿನ ಬೀಜಗಳಿಂದ. ಎರ್ಲಿಕ್‌ಗೆ 1908ರಲ್ಲಿ ನೊಬೆಲ್ ಬಂತು.

ಗಟ್ಟಿ ಸಿಪ್ಪೆಯ ಗುಲಗಂಜಿಯನ್ನು ಮಗು ಇಡಿಯಾಗಿ ನುಂಗಿದರೆ ಅದು ಬಹುತೇಕ ಹಾಗೇ ಹೊರಬೀಳುತ್ತದೆ. ಅಗಿದಿದ್ದರೆ ಮಾತು ಬೇರೆ. ಸರ ಪೋಣಿಸಲು ತೂತು ಕೊರೆದ ಬೀಜವೂ ಅಗಿದ ಬೀಜಕ್ಕೆ ಸಮ. 2011ರಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನ ತಾನು ಮಾರಿದ್ದ ಗುಲಗಂಜಿ ಕೈಬಳೆಗಳನ್ನು ವಾಪಸು ಕರೆಸಿಕೊಂಡದ್ದು ಇದೇ ಭಯಕ್ಕೆ. ಜಾತ್ರೆಯಲ್ಲಿ ಕೊಂಡ ಸರ ಹರಿದು ಕೂಸಿನ ಬಾಯಿಗೆ ಹೋದರೆ ಮನೆಮದ್ದು, ವಾಂತಿ ಮಾಡಿಸುವುದು ಯಾವುದೂ ಬೇಡ, ಉಳಿದ ಬೀಜಗಳನ್ನು ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ನಡೆಯಿರಿ. ಅಗಿದಿತ್ತೇ, ನುಂಗಿತ್ತೇ, ಬೀಜದಲ್ಲಿ ತೂತಿತ್ತೇ ಎಂದು ವೈದ್ಯರು ಕೇಳುತ್ತಾರೆ. ನುಂಗಿತ್ತಷ್ಟೇ ಎಂದು ಮನೆಯವರು ಆಣೆ ಇಟ್ಟರೂ ಮಗುವಿನ ಮೇಲೆ ಒಂದೆರಡು ದಿನ ಕಣ್ಣಿಟ್ಟಿರಬೇಕು, ಅಬ್ರಿನ್ ಮೈಯಲ್ಲಿ ತನ್ನ ಕೆಲಸ ತೋರಿಸಲು ಹೊತ್ತು ತೆಗೆದುಕೊಳ್ಳುತ್ತದೆ. ವಾಂತಿ ಭೇದಿ ಶುರುವಾದರೆ ನೀರಿನಂಶ ಬತ್ತದಂತೆ ಸಲೈನ್ ಏರಿಸಿ ದೇಹ ತಾನಾಗಿ ಚೇತರಿಸಿಕೊಳ್ಳುವವರೆಗೆ ಕಾಯುವುದೇ ಚಿಕಿತ್ಸೆ. ಎರ್ಲಿಕ್ ಇಲಿಗಳಲ್ಲಿ ತರಿಸಿದ್ದ ಪ್ರತಿವಿಷ 130 ವರ್ಷ ಕಳೆದರೂ ಮನುಷ್ಯರ ಆಸ್ಪತ್ರೆಯ ಕಪಾಟಿಗೆ ಬಂದಿಲ್ಲ.